ಹನ್ನೊಂದು ವರ್ಷ ಆದ್ಮೇಲೆ ಅದೇ ಐದು ಜನ: ಡೀಪ್ ಪರ್ಪಲ್ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಬಗ್ಗೆ ಮಾತಾಡೋಣ ಬನ್ನಿ

ಹಳೇ_ಕ್ಯಾಸೆಟ್ (ಮೈಸೂರು)

ಎಲ್ರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ರು ಬರೆದಿದ್ರು, ಒಡೆದು ಹೋದ ಬ್ಯಾಂಡು ವರ್ಷಗಟ್ಟಲೆ ಆದ್ಮೇಲೆ ಮತ್ತೆ ಸೇರಿ ಮಾಡೋ ಆಲ್ಬಮ್ ಯಾವ್ದೂ ಕೇಳೋ ಹಾಗಿರಲ್ಲ, ಎಲ್ಲಾ ಹಳೇ ಹೆಸರು ಮಾರ್ಕೊಳ್ಳೋ ಕೆಲಸ ಅಂತ. ಅವತ್ತಿಂದ ಆ ಮಾತು ತಲೇಲಿ ಕೊರೀತಾನೇ ಇದೆ. ನನ್ ಹತ್ರ ಅದಕ್ಕಿರೋ ಉತ್ತರ ಒಂದೇ, ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ 1984ರ 'ಪರ್ಫೆಕ್ಟ್ ಸ್ಟ್ರೇಂಜರ್ಸ್'.

ಗೊತ್ತಿಲ್ದೋರಿಗೆ ಸ್ವಲ್ಪ ಹಿಂದಿನ ಕಥೆ. ಡೀಪ್ ಪರ್ಪಲ್‌ನಲ್ಲಿ ಜನ ಬದಲಾದ ಹಾಗೆಲ್ಲ ಮಾರ್ಕ್ ಒಂದು, ಮಾರ್ಕ್ ಎರಡು ಅಂತ ನಂಬರ್ ಕೊಡ್ತಾರೆ. ಎಲ್ರೂ ತಲೆ ಮೇಲೆ ಹೊತ್ಕೊಳ್ಳೋದು ಮಾರ್ಕ್ ಎರಡನ್ನ: ಗಿಟಾರ್‌ಗೆ ರಿಚಿ ಬ್ಲ್ಯಾಕ್‌ಮೋರ್, ಹಾಡೋಕೆ ಇಯನ್ ಗಿಲನ್, ಬೇಸ್‌ಗೆ ರೋಜರ್ ಗ್ಲೋವರ್, ಆರ್ಗನ್‌ಗೆ ಜಾನ್ ಲಾರ್ಡ್, ಡ್ರಮ್ಸ್‌ಗೆ ಇಯನ್ ಪೇಸ್. 1969ರಲ್ಲಿ ಸೇರಿದ ಈ ಐದು ಜನ ಮೂರು ನಾಲ್ಕು ವರ್ಷದಲ್ಲಿ 'ಇನ್ ರಾಕ್', 'ಫೈರ್‌ಬಾಲ್', 'ಮಷೀನ್ ಹೆಡ್', ಆಮೇಲೆ ಲೈವ್ ಆಲ್ಬಮ್ 'ಮೇಡ್ ಇನ್ ಜಪಾನ್', ಇಷ್ಟೂ ಮಾಡಿ ಮುಗಿಸಿದ್ರು. ಸುಸ್ತು, ಜಗಳ, ಬಿಡುವಿಲ್ಲದ ಟೂರ್. ಗಿಲನ್ 1972ರ ಕೊನೇಲೇ ನಾನು ಬಿಡ್ತೀನಿ ಅಂತ ಹೇಳ್ಬಿಟ್ಟು, ಒಪ್ಕೊಂಡಿದ್ದ ಶೋಗಳನ್ನೆಲ್ಲಾ ಮುಗಿಸಿ 1973ರ ಜೂನ್ 29ಕ್ಕೆ ಜಪಾನಿನ ಒಸಾಕಾದಲ್ಲಿ ಕೊನೇ ಸಲ ಹಾಡಿ ಹೊರಟ್ರು. ಹಿಂದಿನ ವರ್ಷ ಆಗಸ್ಟ್‌ನಲ್ಲಿ 'ಮೇಡ್ ಇನ್ ಜಪಾನ್' ರೆಕಾರ್ಡ್ ಆಗಿದ್ದೂ ಒಸಾಕಾ ಮತ್ತು ಟೋಕಿಯೋದಲ್ಲೇ. ಒಂದೇ ಊರು, ಹತ್ತು ತಿಂಗಳ ಅಂತರ. ಆ ಬ್ಯಾಂಡಿನ ಅತೀ ಎತ್ತರ ಎಲ್ಲಿ ಕಾಣಿಸ್ತೋ ಅಲ್ಲೇ ಮುರಿದೂ ಹೋಯ್ತು.

ಗ್ಲೋವರ್ ಅವ್ರದ್ದು ಇನ್ನೂ ಬೇಜಾರಿನ ಕಥೆ. ಅವರಾಗೇ ಹೋಗಿದ್ದಲ್ಲ. ಗ್ಲೋವರ್ ಹೋದ್ರೆ ಮಾತ್ರ ನಾನು ಇರ್ತೀನಿ ಅಂತ ಬ್ಲ್ಯಾಕ್‌ಮೋರ್ ಹಠ ಹಿಡಿದಿದ್ರು. ಮುಂದೆ 1979ರಲ್ಲಿ ಅದೇ ಗ್ಲೋವರ್ ಅದೇ ಬ್ಲ್ಯಾಕ್‌ಮೋರ್ ಅವ್ರ ರೈನ್‌ಬೋ ಬ್ಯಾಂಡಿಗೆ ಪ್ರೊಡ್ಯೂಸರ್ ಆಗಿ, ಬೇಸ್ ನುಡಿಸೋರಾಗಿ ಬಂದ್ರು. ಕೆಲಸದಿಂದ ತೆಗೆಸಿದವರ ಪಕ್ಕ ನಿಂತು ಐದು ವರ್ಷ ಬೇಸ್ ನುಡಿಸೋದು ಅಂದ್ರೆ ಸಣ್ಣ ಮಾತಲ್ಲ. 1984ರಲ್ಲಿ ಮತ್ತೆ ಸೇರೋಕೆ ದಾರಿ ಆಗಿದ್ದು ಗ್ಲೋವರ್ ಅವ್ರ ಈ ತಾಳ್ಮೆಯಿಂದಲೇ ಅಂತ ನಂಗೆ ಬಲವಾಗಿ ಅನ್ಸುತ್ತೆ, ಆಲ್ಬಮ್ ಪ್ರೊಡ್ಯೂಸ್ ಮಾಡಿದ್ದೂ ಬ್ಯಾಂಡ್ ಜೊತೆ ಸೇರಿ ಅವರೇ.

ಈಗ ವಿಷಯಕ್ಕೆ ಬರ್ತೀನಿ. ಈ ಆಲ್ಬಮ್ ನಂಗ್ಯಾಕೆ ಇಷ್ಟ ಅಂದ್ರೆ ಇದು 'ಮಷೀನ್ ಹೆಡ್' ಎರಡನೇ ಭಾಗ ಆಗೋಕೆ ಹೊರಟಿಲ್ಲ. ಇಪ್ಪತ್ತೈದು ವಯಸ್ಸಿನ ಹುಡುಗರ ಓಟ ಇದರಲ್ಲಿಲ್ಲ. ನಲವತ್ತರ ಹತ್ರ ಬಂದಿರೋ ಐದು ಜನ ಒಂದೇ ರೂಮಿನಲ್ಲಿ ಕೂತು ಒಬ್ಬರು ನುಡಿಸೋದನ್ನ ಇನ್ನೊಬ್ರು ಕಿವಿಗೊಟ್ಟು ಕೇಳ್ತಿರೋದು ಕೇಳಿಸುತ್ತೆ. ಟೈಟಲ್ ಹಾಡನ್ನೇ ತಗೊಳ್ಳಿ. ಬ್ಲ್ಯಾಕ್‌ಮೋರ್ ಥರದ ಗಿಟಾರಿಸ್ಟ್, ಹನ್ನೊಂದು ವರ್ಷ ಆದ್ಮೇಲೆ ಸೇರಿರೋ ಬ್ಯಾಂಡು, ಅದರ ಟೈಟಲ್ ಹಾಡು, ಅದರಲ್ಲಿ ಗಿಟಾರ್ ಸೋಲೋನೇ (ಗಿಟಾರ್ ಒಂದೇ ಮುಂದೆ ಬಂದು ನುಡಿಯೋ ಭಾಗ) ಇಲ್ಲ! ಇದನ್ನ ನಾನು ಎಷ್ಟೋ ವರ್ಷ ಗಮನಿಸಿರ್ಲೇ ಇಲ್ಲ, ಗೊತ್ತಾದ ದಿನ ಎದ್ದು ಹೋಗಿ ಕ್ಯಾಸೆಟ್ ಮತ್ತೆ ಹಾಕಿ ಕೇಳಿದೆ.

ನಿಮ್ಮ ಅಭಿಪ್ರಾಯ ಬರೀರಿ. ಇಷ್ಟ ಇಲ್ದೋರೂ ಬರೀರಿ, ಯಾಕೆ ಅಂತ ಹೇಳಿ ಅಷ್ಟೇ.

ಡ್ರಮ್ಸ್_ಮಂಜ (ದಾವಣಗೆರೆ)

ಸರ್ ಚೆನ್ನಾಗಿ ಬರೆದಿದ್ದೀರ, ಆದ್ರೆ ನಾನು ಪೂರ್ತಿ ಒಪ್ಪಲ್ಲ. ನಾನು ಡ್ರಮ್ಸ್ ಕಲಿತಿದ್ದೇ ಪೇಸ್ ಅವ್ರನ್ನ ಕೇಳಿ. 'ಫೈರ್‌ಬಾಲ್' ಶುರುವಾಗೋ ರೀತಿ ಕೇಳಿ, 'ಮೇಡ್ ಇನ್ ಜಪಾನ್'ನಲ್ಲಿರೋ 'ದ ಮ್ಯೂಲ್' ಕೇಳಿ, ಆ ಮನುಷ್ಯನ ಕೈ ಒಂದು ಕಡೆ ನಿಲ್ಲಲ್ಲ, ಜಾಝ್ ಡ್ರಮ್ಮರ್‌ಗಳ ಥರ ಸ್ನೇರ್ ಡ್ರಮ್ ಮೇಲೆ ಚಿಕ್ಕ ಚಿಕ್ಕ ಪೆಟ್ಟು ಹರಿದಾಡ್ತಾ ಇರುತ್ತೆ. 1984ಕ್ಕೆ ಬಂದ್ರೆ ಆ ಓಡಾಟ ಎಲ್ಲಾ ಕಟ್, ದಪ್ಪನೆ ನೇರ ಬೀಟ್, ಮೇಲೆ ಆ ಕಾಲದ ಎಕೋ ಸುರಿದಿರೋ ಸೌಂಡು. ಅಷ್ಟು ದೊಡ್ಡ ಡ್ರಮ್ಮರ್‌ನ ಕೂರಿಸ್ಕೊಂಡು ಗಡಿಯಾರ ಥರ ನುಡಿಸೋಕೆ ಹೇಳಿದ ಹಾಗಿದೆ.

ಎರಡನೇದು ಇನ್ನೂ ಮುಖ್ಯ. ಮೊದಲಿನ ಮಾರ್ಕ್ ಎರಡರಲ್ಲಿ ಹಾಡು ಯಾರೇ ಬರೆದಿರ್ಲಿ ಐದು ಜನರ ಹೆಸರೂ ಹಾಕ್ತಿದ್ರು. ಈ ಆಲ್ಬಮ್‌ನಲ್ಲಿ ನೋಡಿ, ಹಾಡು ಹಾಡಿಗೂ ಬ್ಲ್ಯಾಕ್‌ಮೋರ್, ಗಿಲನ್, ಗ್ಲೋವರ್ ಅಷ್ಟೇ. ಐದೂ ಜನರ ಹೆಸರಿರೋದು ಒಂದೇ ಒಂದರಲ್ಲಿ, 'ನೋಬಡೀಸ್ ಹೋಮ್'. ಪೇಸ್ ಮತ್ತು ಲಾರ್ಡ್ ಬ್ಯಾಂಡಿನ ಮೊದಲ ದಿನದಿಂದ ಇದ್ದೋರು, ಅವರ ಹೆಸರೇ ಇಲ್ಲ ಅಂದ್ರೆ ಹೇಗೆ? ಟೈಟಲ್ ಹಾಡನ್ನ ಆ ಆರ್ಗನ್ ತೆಗೆದು ಯಾರಾದ್ರೂ ಕೇಳೋಕಾಗುತ್ತಾ? ಒಬ್ರನ್ನೊಬ್ರು ಕೇಳಿಸ್ಕೊಂಡು ಮಾಡಿದ್ರು ಅಂತೀರ, ಕ್ರೆಡಿಟ್ ನೋಡಿದ್ರೆ ಹಾಗೆ ಕಾಣಲ್ಲ.

ಹಳೇ_ಕ್ಯಾಸೆಟ್ (ಮೈಸೂರು)

ಮಂಜು, ಕ್ರೆಡಿಟ್ ವಿಷಯ ನೀವು ಹೇಳಿದ್ದು ಸರಿ, ಅದು ನಂಗೂ ನೋವಿನ ವಿಷಯಾನೇ. ಡ್ರಮ್ಸ್ ಬಗ್ಗೆ ಮಾತ್ರ ಬೇರೆ ಥರ ಯೋಚಿಸ್ತೀನಿ, ಆಮೇಲೆ ನಿಧಾನವಾಗಿ ಬರೀತೀನಿ, ಈಗ ಆಫೀಸಿಗೆ ಹೊರಟಿದ್ದೀನಿ.

ಸ್ಟ್ರಾಟ್_ಶಿರಸಿ

ಸೋಲೋ ಇಲ್ಲ ಅನ್ನೋ ವಿಷಯಕ್ಕೆ ನನ್ನದೊಂದು ಮಾತು. ಬ್ಲ್ಯಾಕ್‌ಮೋರ್ ಬೇಕು ಅಂತಲೇ ಬಿಟ್ಟಿರೋದು ಅದು. ಆ ಹಾಡಲ್ಲಿ ರಿಫ್ಫೇ (ಮತ್ತೆ ಮತ್ತೆ ಬರೋ ಚಿಕ್ಕ ಸಾಲು) ಎಲ್ಲಾ, ಆರ್ಗನ್ ಮತ್ತು ಗಿಟಾರ್ ಒಂದೇ ಗಂಟಲಲ್ಲಿ ಮಾತಾಡ್ತವೆ, ನಡುವೆ ಸೋಲೋ ಬಂದಿದ್ರೆ ಆ ಭಾರ ಹೊರಟು ಹೋಗ್ತಿತ್ತು. ಗಿಟಾರ್ ಬೇಕು ಅಂದ್ರೆ ಉಳಿದ ಕಡೆ ಬೇಕಾದಷ್ಟಿದೆ. 'ಅಂಡರ್ ದ ಗನ್' ಕೇಳಿ, ಸೋಲೋ ಒಳಗೆ ಸಂಗೀತ ರಚನಕಾರ ಎಲ್ಗರ್ ಅವ್ರ 'ಪಾಂಪ್ ಅಂಡ್ ಸರ್ಕಮ್‌ಸ್ಟೆನ್ಸ್' ಮಾರ್ಚ್‌ನ ಒಂದು ಸಾಲು ತಂದು ಕೂರಿಸಿದ್ದಾರೆ. ಇಂಗ್ಲೆಂಡಿನ ಆ ರಾಜಗಾಂಭೀರ್ಯದ ಟ್ಯೂನು ಯುದ್ಧದ ಬಗ್ಗೆ ಇರೋ ಹಾಡಿನ ಮಧ್ಯೆ ಬಂದಾಗ ಮೈ ಜುಮ್ ಅನ್ನುತ್ತೆ.

ಆದ್ರೆ ನನ್ನ ಪ್ರಕಾರ ಆಲ್ಬಮ್‌ನ ಜೀವ ಇರೋದು 'ವೇಸ್ಟೆಡ್ ಸನ್‌ಸೆಟ್ಸ್'ನಲ್ಲಿ. ನಿಧಾನ, ಬ್ಲೂಸ್, ಎರಡನೇ ಸೈಡಿನಲ್ಲಿ ಮೂರನೇ ಹಾಡು ಅಂತ ಸುಮಾರು ಜನ ಅಲ್ಲಿಗೆ ಬರೋ ಹೊತ್ತಿಗೆ ಕಿವಿ ಬೇರೆ ಕಡೆ ಇಟ್ಟಿರ್ತಾರೆ. ಅದರ ಸೋಲೋದಲ್ಲಿ ವೇಗ ಇಲ್ಲ, ಒಂದೊಂದು ಸ್ವರಾನೂ ಎಳೆದು, ಹಿಂಡಿ, ಬಿಡ್ತಾರೆ. ಬ್ಲ್ಯಾಕ್‌ಮೋರ್ ಅವ್ರ ಸ್ಟ್ರಾಟ್ ಗಿಟಾರ್‌ನಲ್ಲಿ ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಪಟ್ಟಿಗಳು) ನಡುವಿನ ಮರಾನ ಕೆರೆದು ತಗ್ಗು ಮಾಡಿರ್ತಾರೆ, ಬೆರಳು ಮರಕ್ಕೆ ತಾಗದೆ ಬರೀ ತಂತಿ ಮೇಲೆ ಕೂರುತ್ತೆ, ಹಾಗಾಗಿ ಬೆರಳು ಒಂಚೂರು ಅಲುಗಾಡಿಸಿದ್ರೂ ಸ್ವರ ಅಲುಗಾಡುತ್ತೆ. ನಮ್ಮ ವೀಣೆ ನುಡಿಸೋರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಮೆಟ್ಟಿಲುಗಳ ಮಧ್ಯೆ ಜಾಗ ಇದ್ರೇನೇ ತಂತಿ ಒತ್ತಿ ಎಳೆದು ಗಮಕ ತೆಗೆಯೋಕೆ ಆಗೋದು ಅಲ್ವಾ.

ವೀಣೆ_ವಾಲ್ಯೂಮ್ (ಬೆಂಗಳೂರು)

ಶಿರಸಿಯವ್ರು ನನ್ನನ್ನ ಕರೆದ ಹಾಗಾಯ್ತು! ಹದಿನೈದು ವರ್ಷ ವೀಣೆ ಕಲಿತಿದ್ದೀನಿ, ಗಿಟಾರ್ ಬರಲ್ಲ, ಆದ್ರೆ ಅಣ್ಣನ ರೂಮಿಂದ ಈ ಆಲ್ಬಮ್ ಕೇಳಿ ಕೇಳಿ ಬೆಳೆದವಳು ನಾನು. ಹೌದು ನೀವು ಹೇಳಿದ್ದು ಸರಿ, ತಂತಿ ಕೆಳಗೆ ಜಾಗ ಇದ್ದಾಗ ಸ್ವರ ನಮ್ಮ ಕೈ ಮಾತು ಕೇಳುತ್ತೆ.

ನಂಗೆ ಹೇಳ್ಬೇಕಾಗಿರೋದು ಟೈಟಲ್ ಹಾಡಿನ ಮಧ್ಯದ ಭಾಗದ ಬಗ್ಗೆ, ಆರ್ಗನ್ ಗಿಟಾರ್ ಎರಡೂ ಒಟ್ಟಿಗೆ ಆ ಪೂರ್ವ ದೇಶದ ಛಾಯೆ ಇರೋ ಸಾಲನ್ನ ನುಡಿಸುತ್ವಲ್ಲ ಅದು. ಕೈಯಲ್ಲಿ ತಾಳ ಹಾಕ್ತಾ ಕೇಳಿ ನೋಡಿ. ಆದಿತಾಳದ ಥರ ಸಮವಾಗಿ ಹೋಗ್ತಿದೆ ಅಂದ್ಕೊಂಡು ಕೂತಿರ್ತೀರ, ಒಂದು ಕಡೆ ಕೈ ಮುಂದೆ ಹೋಗ್ಬಿಡುತ್ತೆ, ಹಾಡು ಬೇರೆ ಜಾಗದಲ್ಲಿರುತ್ತೆ. ಲೆಕ್ಕ ತಪ್ಪಿದ್ದು ಅವರದಲ್ಲ ನಮ್ಮದು. ಆ ಭಾರವಾದ ನಡೆಯಲ್ಲಿ ಹೀಗೆ ಮಾಡೋದು ಕಷ್ಟ, ವೇಗದಲ್ಲಿ ಮುಚ್ಚಿ ಹೋಗೋ ತಪ್ಪು ನಿಧಾನದಲ್ಲಿ ಎದ್ದು ಕಾಣುತ್ತೆ. ವಿಳಂಬ ಕಾಲದಲ್ಲಿ ನುಡಿಸೋವಾಗ ನಮ್ಮ ಮೇಷ್ಟ್ರು ಇದನ್ನೇ ಹೇಳೋರು. ಮಂಜು ಅವ್ರೇ, ಪೇಸ್ ಅವ್ರು ಅಲ್ಲಿ ಸರಳವಾಗಿ ನುಡಿಸಿದ್ದು ಬೇರೆ ನಾಲ್ಕು ಜನಕ್ಕೆ ನೆಲ ಕೊಡೋಕೆ ಅನ್ನಿಸಲ್ವಾ ನಿಮಗೆ? ಅವರೂ ಅಲ್ಲಿ ಆಟ ಶುರು ಮಾಡಿದ್ರೆ ಕೇಳೋರು ಹಿಡ್ಕೊಳ್ಳೋದು ಏನನ್ನ?

ಡ್ರಮ್ಸ್_ಮಂಜ (ದಾವಣಗೆರೆ)

ಅಕ್ಕ, ಆ ಒಂದು ಹಾಡಿಗೆ ಒಪ್ತೀನಿ. ಎಂಟೂ ಹಾಡಿಗೆ ಒಪ್ಪಲ್ಲ.

ಹುಬ್ಬಳ್ಳಿ_ರಾಕರ್

ನಮ್ಮದೂ ಒಂದ್ ಮಾತು ಕೇಳ್ರಿ. ನಾವು ನಾಕ್ ಮಂದಿ ದೋಸ್ತ್ರು 1995ರ ಏಪ್ರಿಲ್‌ನಾಗ ಹುಬ್ಬಳ್ಳಿಯಿಂದ ರಾತ್ರಿ ಬಸ್ ಹತ್ತಿ ಬಾಂಬೆಕ್ಕ ಹೋಗಿದ್ವಿ, ಡೀಪ್ ಪರ್ಪಲ್ ನೋಡಾಕ. ಮನ್ಯಾಗ ಹೇಳಿದ್ದು ದೋಸ್ತನ ಅಕ್ಕನ ಲಗ್ನ ಐತಿ ಅಂತ. ಆಗ ಬ್ಲ್ಯಾಕ್‌ಮೋರ್ ಬಿಟ್ಟು ಹೋಗಿ ಒಂದೂವರಿ ವರ್ಷ ಆಗಿತ್ತು, ಸ್ಟೀವ್ ಮೋರ್ಸ್ ಬಂದಿದ್ರು. ನಮಗ ಭಾಳ ಬ್ಯಾಸರ ಇತ್ತು, ಬ್ಲ್ಯಾಕ್‌ಮೋರ್ ಇಲ್ಲದ ಪರ್ಪಲ್ ಎಂಥಾದ್ದು ಅಂತ. ಬಸ್ಸಿನ್ಯಾಗ ಬೆಳಗಾವಿ ದಾಟೂತನಾ ಅದರ ಮ್ಯಾಲನ ವಾದ ನಡದಿತ್ತು.

ಅಲ್ಲಿ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಶುರು ಆತ್ ನೋಡ್ರಿ. ಜಾನ್ ಲಾರ್ಡ್ ಒಬ್ಬರ ಆ ಆರ್ಗನ್ ಮ್ಯಾಲೆ ಬಗ್ಗಿ ನಿಂತಾರ, ಮೊದಲಿನ ಆ ಗುಡುಗು ಎದ್ಯಾಗ ಬಡದಂಗ ಆತು. ಖರೇ ಹೇಳ್ತೀನಿ, ಆರ್ಗನ್ ಅಂದ್ರ ಚರ್ಚಿನ್ಯಾಗ ಮೆಲ್ಲಕ ನುಡಸೂ ವಾದ್ಯ ಅಂತ ತಿಳಕೊಂಡಿದ್ನಿ. ಲಾರ್ಡ್ ಅವ್ರು ಹ್ಯಾಮಂಡ್ ಆರ್ಗನ್ನ ಗಿಟಾರಿನ ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಸ್ತಿದ್ರು, ಅದಕ್ಕ ಅದು ಅಷ್ಟು ಒರಟ ಕೇಳ್ತೈತಿ. ಗಿಟಾರ್ ಜೊತಿ ಕುಸ್ತಿ ಹಿಡಿಯೂ ಆರ್ಗನ್ ಅದು. ಆ ರಾತ್ರಿ ನಂಗ ತಿಳದದ್ದು ಏನಂದ್ರ ಈ ಹಾಡಿನ ಮಾಲಕ ಲಾರ್ಡ್ ಅವ್ರ. ಕ್ರೆಡಿಟ್ಟಿನ್ಯಾಗ ಹೆಸರ ಇರಲಿ ಬಿಡಲಿ.

ಆ ಬಾಂಬೆ ಶೋದ ರೆಕಾರ್ಡಿಂಗ್ ಮುಂದ 'ಬಾಂಬೆ ಕಾಲಿಂಗ್' ಅಂತ ಹೊರಗ ಬಂದೈತಿ. ಮಂದಿ ಕೂಗೂದು ಕೇಳಿದ್ರ ಅದರಾಗ ನಮ್ಮ ನಾಕ್ ಮಂದಿ ದನಿನೂ ಐತಿ ಅಂತ ನಾ ಇವತ್ತಿಗೂ ನಂಬೀನಿ.

ಹೊಸ_ಕಿವಿ (ತುಮಕೂರು)

ನಮಸ್ತೆ, ನಂಗೆ 22 ವರ್ಷ, ಡೀಪ್ ಪರ್ಪಲ್ ಅಂದ್ರೆ ಗೊತ್ತಿರೋದು 'ಸ್ಮೋಕ್ ಆನ್ ದ ವಾಟರ್' ಒಂದೇ, ಗಿಟಾರ್ ಕ್ಲಾಸಲ್ಲಿ ಮೊದಲ ದಿನ ಎಲ್ರಿಗೂ ಅದನ್ನೇ ಕಲಿಸೋದು. ಒಂದು ಪ್ರಶ್ನೆ, 1973ಕ್ಕೆ ಬಿಟ್ಟು ಹೋದ್ರು 1984ಕ್ಕೆ ಸೇರಿದ್ರು ಅಂದ್ರೆ ಮಧ್ಯ ಇವರೆಲ್ಲಾ ಏನ್ ಮಾಡ್ತಿದ್ರು? ಬ್ಯಾಂಡ್ ಇತ್ತಾ ಇರ್ಲಿಲ್ವಾ?

ಹಳೇ_ಕ್ಯಾಸೆಟ್ (ಮೈಸೂರು)

ಒಳ್ಳೇ ಪ್ರಶ್ನೆ ಕಣಮ್ಮ, ಅದು ಗೊತ್ತಿದ್ರೆ ಆಲ್ಬಮ್ ಇನ್ನೂ ಚೆನ್ನಾಗಿ ಕೇಳಿಸುತ್ತೆ. ಗಿಲನ್ ಗ್ಲೋವರ್ ಹೋದ್ಮೇಲೆ ಹಾಡೋಕೆ ಡೇವಿಡ್ ಕವರ್‌ಡೇಲ್, ಬೇಸ್‌ಗೆ ಗ್ಲೆನ್ ಹ್ಯೂಸ್ ಬಂದ್ರು, 1974ರಲ್ಲಿ 'ಬರ್ನ್', 'ಸ್ಟಾರ್ಮ್‌ಬ್ರಿಂಗರ್' ಅಂತ ಎರಡು ಆಲ್ಬಮ್. 1975ರಲ್ಲಿ ಬ್ಲ್ಯಾಕ್‌ಮೋರ್ ಬಿಟ್ಟು ರೈನ್‌ಬೋ ಕಟ್ಟಿದ್ರು. ಅವರ ಜಾಗಕ್ಕೆ ಟಾಮಿ ಬೋಲಿನ್ ಬಂದು ಒಂದು ಆಲ್ಬಮ್ ಆಯ್ತು, 1976ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಕೊನೇ ಶೋ, ಬ್ಯಾಂಡ್ ಮುಗೀತು. ಬೋಲಿನ್ ಪಾಪ ಅದೇ ವರ್ಷ ಡಿಸೆಂಬರ್‌ನಲ್ಲಿ ತೀರ್ಕೊಂಡ್ರು, 25 ವರ್ಷ ಅಷ್ಟೇ.

ಆಮೇಲೆ ಲಾರ್ಡ್ ಮತ್ತು ಪೇಸ್ ಕವರ್‌ಡೇಲ್ ಅವ್ರ ವೈಟ್‌ಸ್ನೇಕ್‌ನಲ್ಲಿ ಇದ್ರು. ಪೇಸ್ ಅಲ್ಲಿಂದ ಗಿಟಾರಿಸ್ಟ್ ಗ್ಯಾರಿ ಮೂರ್ ಹತ್ರ ಹೋದ್ರು. ಗಿಲನ್ ತಮ್ಮದೇ ಹೆಸರಿನ ಬ್ಯಾಂಡ್ ನಡೆಸಿ, ಗಂಟಲು ತೊಂದರೆ ಆಗಿ, ಆಮೇಲೆ 1983ರಲ್ಲಿ ಬ್ಲ್ಯಾಕ್ ಸಬ್ಬತ್ ಸೇರಿ 'ಬಾರ್ನ್ ಅಗೇನ್' ಅಂತ ಒಂದು ಆಲ್ಬಮ್ ಹಾಡಿದ್ರು. ರೈನ್‌ಬೋ 1984ರ ಮಾರ್ಚ್‌ನಲ್ಲಿ ಜಪಾನ್‌ನಲ್ಲಿ ಕೊನೇ ಶೋ ಕೊಡ್ತು, ಅದೂ ಆರ್ಕೆಸ್ಟ್ರಾ ಜೊತೆ ಬೀಥೋವನ್ ಅವ್ರ ಒಂಬತ್ತನೇ ಸಿಂಫನಿ ಟ್ಯೂನ್ ನುಡಿಸಿ. ಮುಂದಿನ ತಿಂಗಳೇ ಮಾರ್ಕ್ ಎರಡು ಮತ್ತೆ ಸೇರ್ತಿದೆ ಅಂತ ಬಿಬಿಸಿ ರೇಡಿಯೋದಲ್ಲಿ ಸುದ್ದಿ ಬಂತು.

ಇನ್ನೊಂದು ವಿಷಯ ಮರೆತಿದ್ದೆ. 1980ರಲ್ಲಿ ಒಂದು ನಕಲಿ ಡೀಪ್ ಪರ್ಪಲ್ ಅಮೆರಿಕದಲ್ಲಿ ಟೂರ್ ಮಾಡಿತ್ತು, ಮೊಟ್ಟಮೊದಲ ಗಾಯಕ ರಾಡ್ ಇವಾನ್ಸ್ ಒಬ್ರೇ ಅದರಲ್ಲಿ ಹಳಬರು, ಮಿಕ್ಕೋರೆಲ್ಲಾ ಯಾರೋ. ಕೋರ್ಟಿಗೆ ಹೋಗಿ ಲಕ್ಷಾಂತರ ಡಾಲರ್ ದಂಡ ಬಿತ್ತು. ಹೆಸರು ಬರೀ ಮಾರಾಟದ ಸರಕಾದ್ರೆ ಏನಾಗುತ್ತೆ ಅಂತ ಜನ ಆಗಲೇ ನೋಡಿದ್ರು. ಹಾಗಾಗಿ 1984ರಲ್ಲಿ ಈ ಐದು ಜನ ಬಂದಾಗ ಅನುಮಾನ ಪಡೋರು ಬೇಕಾದಷ್ಟು ಜನ ಇದ್ರು, ಅನುಮಾನಕ್ಕೆ ಕಾರಣಾನೂ ಇತ್ತು.

ಬಾಸ್ಟನ್_ಕನ್ನಡಿಗ

ನಾನು ಇರೋದು ಅಮೆರಿಕದ ಬಾಸ್ಟನ್ ಹತ್ರ. ಈ ಆಲ್ಬಮ್ ರೆಕಾರ್ಡ್ ಆಗಿದ್ದು ಇಲ್ಲಿಂದ ಉತ್ತರಕ್ಕೆ ಮೂರು ಮೂರೂವರೆ ಗಂಟೆ ಕಾರಲ್ಲಿ ಹೋದ್ರೆ ಸಿಗೋ ವರ್ಮಾಂಟ್ ರಾಜ್ಯದ ಸ್ಟೋ ಅನ್ನೋ ಊರಲ್ಲಿ. ಚಳಿಗಾಲದಲ್ಲಿ ಸ್ಕೀಯಿಂಗ್‌ಗೆ ಜನ ಮುಗಿಬೀಳ್ತಾರೆ, ಬೇಸಿಗೇಲಿ ಹೋದ್ರೆ ಹಸಿರು ಬೆಟ್ಟ, ಒಂದು ಬಿಳೀ ಚರ್ಚು, ಸದ್ದೇ ಇಲ್ಲ, ನಮ್ಮ ಕೊಡಗನ್ನ ನೆನಪಿಸೋ ಥರದ ಊರು. ಇವರು 1984ರ ಬೇಸಿಗೇಲಿ ಅಲ್ಲೊಂದು ದೊಡ್ಡ ಮನೆ ಹಿಡಿದು, ಗಾಡಿ ಮೇಲಿರೋ ಮೊಬೈಲ್ ಸ್ಟುಡಿಯೋ ತರಿಸಿ, ಮನೆ ಒಳಗೇ ರೆಕಾರ್ಡ್ ಮಾಡಿದ್ರು.

ಇದರಲ್ಲೊಂದು ಎಳೆ ಇದೆ ನೋಡಿ. 1971ರ ಡಿಸೆಂಬರ್‌ನಲ್ಲಿ 'ಮಷೀನ್ ಹೆಡ್' ಮಾಡಿದ್ದೂ ಸ್ಟುಡಿಯೋದಲ್ಲಲ್ಲ. ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಕಸಿನೋದಲ್ಲಿ ರೆಕಾರ್ಡ್ ಮಾಡ್ಬೇಕು ಅಂತ ಹೋದ್ರು, ಅಮೆರಿಕದ ಸಂಗೀತಗಾರ ಫ್ರ್ಯಾಂಕ್ ಝಪ್ಪಾ ಶೋ ನಡೀತಿದ್ದಾಗ ಕಸಿನೋ ಸುಟ್ಟು ಹೋಯ್ತು, ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್‌ನ ಕಾರಿಡಾರ್‌ಗಳಲ್ಲಿ ರೋಲಿಂಗ್ ಸ್ಟೋನ್ಸ್‌ನವರ ಮೊಬೈಲ್ ಸ್ಟುಡಿಯೋ ಇಟ್ಕೊಂಡು ಮುಗಿಸಿದ್ರು (ತುಮಕೂರಿನವರೇ, ನಿಮ್ಮ ಮೊದಲ ದಿನದ ಪಾಠದ ಹಾಡು ಆ ಬೆಂಕಿ ಬಗ್ಗೇನೇ ಇರೋದು). ಅಂದ್ರೆ ಅವರು ಚೆನ್ನಾಗಿ ಕೆಲಸ ಮಾಡಿದ್ದು ಬೆಟ್ಟದೂರಲ್ಲಿ, ಒಂದೇ ಸೂರಿನ ಕೆಳಗೆ, ಒಟ್ಟಿಗೆ ಉಂಡು ಮಲಗಿ ಎದ್ದಾಗ. ಹದಿಮೂರು ವರ್ಷ ಆದ್ಮೇಲೆ ಬೇಕಂತಲೇ ಅದೇ ಥರದ ಜಾಗ ಹುಡುಕ್ಕೊಂಡ್ರು ಅಂತ ನಂಗೆ ಕಾಣ್ಸುತ್ತೆ. ಕೊನೇ ಹಾಡು 'ಹಂಗ್ರಿ ಡೇಝ್'ನಲ್ಲಿ ಗಿಲನ್ ಮಾಂಟ್ರೋ ನೆನಪು ತೆಗೆದು, ಆ ಕಥೆ ನಿಮಗೆ ಆಗಲೇ ಗೊತ್ತು ಅನ್ನೋ ಅರ್ಥದಲ್ಲಿ ಮುಂದಕ್ಕೆ ಹೋಗ್ತಾರೆ. ಎಷ್ಟು ಸಲ ಕೇಳಿದ್ರೂ ಆ ಜಾಗಕ್ಕೆ ಬಂದಾಗ ನಗು ಬರುತ್ತೆ ನಂಗೆ.

ಹೋದ ವರ್ಷ ಸ್ಟೋಗೆ ಹೋಗೋ ದಾರೀಲಿ ಕಾರಲ್ಲಿ ಇದನ್ನೇ ಹಾಕಿದ್ದೆ. 'ನಾಕಿಂಗ್ ಅಟ್ ಯುವರ್ ಬ್ಯಾಕ್ ಡೋರ್' ಶುರು ಇದೆಯಲ್ಲ, ಆರ್ಗನ್ ಕತ್ತಲಿಂದ ಬರೋ ಥರ, ಆಮೇಲೆ ಬೇಸ್ ಒಂದೇ ಸಮನೆ ಬಡಿತ, ಆಮೇಲೆ ಆ ರಿಫ್. ಬೆಟ್ಟದ ತಿರುವಿನಲ್ಲಿ ಅದನ್ನ ಕೇಳಿದ್ದು ಮರೆಯಲ್ಲ.

ಕಲ್ಲಡ್ಕ_ಕೇಳುಗ

ಸಂಗೀತ ಎಲ್ಲಾ ಸರಿ ಮಾರಾಯ್ರೆ, ಆದ್ರೆ ಆ 'ನಾಕಿಂಗ್ ಅಟ್ ಯುವರ್ ಬ್ಯಾಕ್ ಡೋರ್' ಹಾಡಿನ ಸಾಹಿತ್ಯ ಯಾರಾದ್ರೂ ಓದಿದ್ದೀರಾ? ಏಳು ನಿಮಿಷದ ಅಷ್ಟು ಗಂಭೀರವಾದ ಹಾಡಿಗೆ ಅಂಥ ಪೋಲಿ ಮಾತು ಬೇಕಿತ್ತಾ? ಗಿಲನ್ ಹಿಂದೆ 'ಚೈಲ್ಡ್ ಇನ್ ಟೈಮ್' ಥರದ್ದು ಹಾಡಿದವರು. ನನಗೆ ಅದು ಒಂದು ಮಾತ್ರ ಯಾವತ್ತೂ ಸರಿ ಹೋಗ್ಲಿಲ್ಲ. ಟೈಟಲ್ ಹಾಡಿನ ಸಾಹಿತ್ಯ ಹಾಗಲ್ಲ, ಅದರಲ್ಲಿ ಒಂದು ಒಗಟು ಉಂಟು. ಹತ್ತಿರ ಇದ್ರೂ ಅಪರಿಚಿತರಾಗೇ ಉಳಿಯೋ ಇಬ್ಬರು ಅನ್ನೋ ಭಾವ. ಅದು ಗಿಲನ್ ಮತ್ತು ಬ್ಲ್ಯಾಕ್‌ಮೋರ್ ಕಥೆಯೇ ಅಂತ ಕೇಳಿದವರೆಲ್ಲ ಅಂದ್ಕೊಳ್ತಾರೆ, ನಾನೂ ಹಾಗೇ ಕೇಳೋದು.

ಡ್ರಮ್ಸ್_ಮಂಜ (ದಾವಣಗೆರೆ)

ಅದೇ ನಾನು ಹೇಳ್ಬೇಕು ಅಂದ್ಕೊಂಡಿದ್ದು. ಆ ಒಗ್ಗಟ್ಟು ಎಷ್ಟು ದಿನ ಇತ್ತು ಹೇಳಿ? ಮುಂದಿನ ಆಲ್ಬಮ್ 'ದ ಹೌಸ್ ಆಫ್ ಬ್ಲೂ ಲೈಟ್' ಬರೋಕೆ 1987 ಆಯ್ತು, ಅದೇ ಸ್ಟೋಗೆ ಹೋಗಿ ಮಾಡಿದ್ರು, ಅದೇ ಐದು ಜನ, ಅದೇ ಬೆಟ್ಟ, ಆಲ್ಬಮ್ ಮಾತ್ರ ಸಪ್ಪೆ. 1989ರಲ್ಲಿ ಗಿಲನ್‌ನ ತೆಗೆದೇ ಬಿಟ್ರು. ರೈನ್‌ಬೋದಲ್ಲಿದ್ದ ಜೋ ಲಿನ್ ಟರ್ನರ್ ಬಂದು 'ಸ್ಲೇವ್ಸ್ ಅಂಡ್ ಮಾಸ್ಟರ್ಸ್' ಹಾಡಿದ್ರು. ಮತ್ತೆ ಗಿಲನ್ ವಾಪಸ್, 1993ರಲ್ಲಿ 'ದ ಬ್ಯಾಟಲ್ ರೇಜಸ್ ಆನ್', ಆ ಟೂರ್ ಅರ್ಧದಲ್ಲಿ ನವೆಂಬರ್‌ನಲ್ಲಿ ಹೆಲ್ಸಿಂಕಿ ಶೋ ಮುಗಿಸಿ ಬ್ಲ್ಯಾಕ್‌ಮೋರ್ ಹೊರಟೇ ಹೋದ್ರು, ಜಪಾನ್ ಶೋಗಳಿಗೆ ಗಿಟಾರಿಸ್ಟ್ ಜೋ ಸಾಟ್ರಿಯಾನಿ ಬಂದು ನಿಂತ್ರು. ಇದನ್ನೆಲ್ಲಾ ನೋಡಿದ್ಮೇಲೆ 1984ರದ್ದು ನಿಜವಾದ ಸ್ನೇಹ ಅಂತ ಹೇಗೆ ಹೇಳೋದು?

ಹಳೇ_ಕ್ಯಾಸೆಟ್ (ಮೈಸೂರು)

ಮಂಜು, ಈಗ ಕೂತು ಬರೀತಿದ್ದೀನಿ.

ಸ್ನೇಹ ಅಂತ ನಾನು ಹೇಳಿಲ್ಲ, ಕೇಳಿಸ್ಕೊಂಡ್ರು ಅಂತ ಹೇಳಿದ್ದು. ಎರಡೂ ಬೇರೆ. ನಮ್ಮ ಮನೇಲಿ ಇದನ್ನ ಕಣ್ಣಾರೆ ನೋಡಿದ್ದೀನಿ. ಅಪ್ಪ ಮತ್ತು ಚಿಕ್ಕಪ್ಪ ಜಮೀನಿನ ವಿಷಯಕ್ಕೆ ಒಂಬತ್ತು ವರ್ಷ ಮಾತು ಬಿಟ್ಟಿದ್ರು. ಅಜ್ಜಿ ತೀರ್ಕೊಂಡಾಗ ಹದಿಮೂರು ದಿನ ಇಬ್ರೂ ಒಂದೇ ಮನೇಲಿ ಇದ್ದು ಎಲ್ಲಾ ಕಾರ್ಯ ಒಟ್ಟಿಗೆ ಮಾಡಿದ್ರು, ಒಬ್ರು ಹೂವು ತಂದ್ರೆ ಇನ್ನೊಬ್ರು ಎಲೆ ಹಾಕೋರು, ಬಾಯಿ ಬಿಟ್ಟು ಹೇಳೋ ಮೊದಲೇ ಇಬ್ರಿಗೂ ಗೊತ್ತಾಗ್ತಿತ್ತು. ಆಮೇಲೆ ಆರು ತಿಂಗಳಿಗೆ ಮತ್ತೆ ಜಗಳ. ಅದಕ್ಕೆ ಆ ಹದಿಮೂರು ದಿನ ಸುಳ್ಳು ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ. ವರ್ಮಾಂಟಿನ ಆ ಬೇಸಿಗೇನೂ ಹಾಗೇ ಅಂತ ನಾನು ತಿಳ್ಕೊಂಡಿರೋದು. ನೀವು ಹೇಳಿದ್ರಲ್ಲ, ಅದೇ ಊರು ಅದೇ ಜನ ಇದ್ರೂ 1987ಕ್ಕೆ ಅದು ಮತ್ತೆ ಆಗ್ಲಿಲ್ಲ ಅಂತ, ಆ ಮಾತೇ ಇದಕ್ಕೆ ಸಾಕ್ಷಿ. ಅದು ಲೆಕ್ಕ ಹಾಕಿ ಮಾಡೋಕೆ ಬರೋ ಕೆಲಸ ಆಗಿದ್ರೆ ಎರಡನೇ ಸಲಾನೂ ಆಗ್ತಿತ್ತು.

ದುಡ್ಡಿನ ವಿಷಯ. ದುಡ್ಡು ಖಂಡಿತ ಇತ್ತು, ದೊಡ್ಡ ದುಡ್ಡೇ. ಆಲ್ಬಮ್ ಬ್ರಿಟನ್‌ನಲ್ಲಿ 5ನೇ ಸ್ಥಾನ, ಅಮೆರಿಕದಲ್ಲಿ 17ನೇ ಸ್ಥಾನಕ್ಕೆ ಹೋಯ್ತು, ಅಲ್ಲಿ ಪ್ಲಾಟಿನಮ್ (ಹತ್ತು ಲಕ್ಷ ಪ್ರತಿ) ಆಯ್ತು. ಆದ್ರೆ ಬರೀ ದುಡ್ಡೇ ಆಗಿದ್ರೆ ಹಳೇ ಹಾಡು ಇಟ್ಕೊಂಡು ಟೂರ್ ಮಾಡಿದ್ರೆ ಸಾಕಿತ್ತು, ಟಿಕೆಟ್ ಹೇಗೂ ಹೋಗ್ತಿತ್ತು. ಮೊದಲು ಹೊಸ ಹಾಡು ಮಾಡಿ ಆಮೇಲೆ ಸ್ಟೇಜ್ ಹತ್ತಿದ್ರು. ನವೆಂಬರ್ ಕೊನೇಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಟೂರ್ ಶುರು. ಸಿಡ್ನೀಲಿ ಒಂದು ರಾತ್ರಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಸ್ಟೇಜಿಗೆ ಬಂದು 'ಲೂಸಿಲ್' ಹಾಡು ನುಡಿಸಿದ್ರು, ಗಿಲನ್ ಅವ್ರನ್ನ ಲಿವರ್‌ಪೂಲಿನ ಆರ್ನಾಲ್ಡ್ ಅಂತ ಪರಿಚಯ ಮಾಡಿಸಿದ್ರು, ಹ್ಯಾರಿಸನ್ ಹುಟ್ಟಿದ ಬೀದಿ ಆರ್ನಾಲ್ಡ್ ಗ್ರೋವ್ ಅಲ್ವಾ ಅದಕ್ಕೆ. 1985ರ ಜೂನ್ 22ಕ್ಕೆ ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಶೋ, ದಿನವಿಡೀ ಮಳೆ, ಮೊಳಕಾಲುದ್ದ ಕೆಸರು, ಜನ ಅಲ್ಲಾಡ್ಲಿಲ್ಲ. ಬ್ಲ್ಯಾಕ್‌ಮೋರ್ ಹೋಗಿ ಮೋರ್ಸ್ ಬಂದ್ಮೇಲೂ, ಆಮೇಲೆ ಅವರೂ ಹೋಗಿ ಸೈಮನ್ ಮೆಕ್‌ಬ್ರೈಡ್ ಬಂದಾಗ್ಲೂ, ಸ್ಟೇಜ್ ಮೇಲೆ ಟೈಟಲ್ ಹಾಡು ನುಡಿಸ್ತಿದ್ರು ಅವರು. ಸೇರಿದ ಮೇಲೆ ಮಾಡಿದ ಹಾಡೊಂದು ಎಪ್ಪತ್ತರ ದಶಕದ ಹಾಡುಗಳ ಸಾಲಲ್ಲಿ ಸಮಸಮ ನಿಂತ್ಕೊಂಡಿದೆ. ಅಮೆರಿಕದ ಡ್ರೀಮ್ ಥಿಯೇಟರ್ ಬ್ಯಾಂಡಿನವರೂ 1995ರಲ್ಲಿ ಅದನ್ನ ಲೈವ್ ನುಡಿಸಿ ರೆಕಾರ್ಡ್ ಹೊರಗೆ ತಂದ್ರು.

ಡ್ರಮ್ಸ್ ಬಗ್ಗೆ: ಒಂದು ಸಲ ಹೆಡ್‌ಫೋನ್ ಹಾಕಿ 'ನೋಬಡೀಸ್ ಹೋಮ್' ಕೇಳಿ. ಬೇರೆ ಏನೂ ಹೇಳಲ್ಲ.

ಸ್ಟ್ರಾಟ್_ಶಿರಸಿ

ಯಾರೂ ಹೇಳಿಲ್ಲ ಅಂತ ಒಂದು ಮಾತು ಸೇರಿಸ್ತೀನಿ. ಎಲ್‌ಪಿ ರೆಕಾರ್ಡಲ್ಲಿ ಎಂಟೇ ಹಾಡು, 'ನಾಟ್ ರೆಸ್ಪಾನ್ಸಿಬಲ್' ಕ್ಯಾಸೆಟ್ ಮತ್ತು ಸಿಡಿಯಲ್ಲಿ ಮಾತ್ರ ಇತ್ತು. 'ಸನ್ ಆಫ್ ಅಲೆರಿಕ್' ಅಂತ ಹತ್ತು ನಿಮಿಷದ ಹಾಡಿಲ್ಲದ ಬರೀ ವಾದ್ಯದ ತುಣುಕು ಸಿಂಗಲ್‌ನ (ಟೈಟಲ್ ಹಾಡಿಗೇ ಬೇರೆಯಾಗಿ ತಂದ ರೆಕಾರ್ಡ್) ಹಿಂದಿನ ಸೈಡಲ್ಲಿ ಹೋಗ್ಬಿಟ್ಟಿತ್ತು, 1999ರಲ್ಲಿ ಸೌಂಡ್ ತಿದ್ದಿ ಮತ್ತೆ ತಂದ ರೀಮಾಸ್ಟರ್‌ಗೆ ಸೇರಿಸಿದ್ರು. ಬ್ಲ್ಯಾಕ್‌ಮೋರ್ ಅಲ್ಲಿ ಯಾವ ಅವಸರಾನೂ ಇಲ್ದೆ ನುಡಿಸ್ತಾರೆ. ಹೊಸಬರು ಅದನ್ನ ಕೊನೆಗೆ ಇಟ್ಕೊಳ್ಳಿ, ರಾತ್ರಿ ದೀಪ ಆರಿಸಿ ಕೇಳಿ.

ಹೊಸ_ಕಿವಿ (ತುಮಕೂರು)

ಎಲ್ರೂ ಬರೆದಿದ್ದು ಓದಿ ನಿನ್ನೆ ರಾತ್ರಿ ಪೂರ್ತಿ ಆಲ್ಬಮ್ ಕೇಳಿದೆ, ಹಾಡು ದಾಟಿಸದೆ. ಮೊದಲ ಸೈಡಲ್ಲಿ 'ಮೀನ್ ಸ್ಟ್ರೀಕ್' ನಂಗೆ ಸಾಧಾರಣ ಅನ್ನಿಸ್ತು, ತಪ್ಪಾಗಿದ್ರೆ ಕ್ಷಮಿಸಿ. ಟೈಟಲ್ ಹಾಡಲ್ಲಿ ವೀಣೆ ಅಕ್ಕ ಹೇಳಿದ ಹಾಗೆ ಚಪ್ಪಾಳೆ ಹಾಕಿದೆ, ನಿಜವಾಗ್ಲೂ ಕೈ ತಪ್ಪಿ ಹೋಯ್ತು, ನಾಲ್ಕು ಸಲ ಹಿಂದೆ ಹಾಕಿ ಹಾಕಿ ಕೇಳಿದೆ. 'ವೇಸ್ಟೆಡ್ ಸನ್‌ಸೆಟ್ಸ್' ಬಂದಾಗ ಅಪ್ಪ ಬಾಗಿಲ ಹತ್ರ ಬಂದು ನಿಂತಿದ್ರು, ಏನೂ ಮಾತಾಡ್ಲಿಲ್ಲ, ಸೋಲೋ ಮುಗಿಯೋವರೆಗೂ ನಿಂತು, ಇದು ಯಾರದ್ದು ಅಂತ ಕೇಳಿ ಹೋದ್ರು. ನಮ್ಮಪ್ಪ ಕೇಳೋದು ಬರೀ ಭಾವಗೀತೆ.

ಜಾನ್ ಲಾರ್ಡ್ ಈಗ ಇದ್ದಾರಾ?

ಹುಬ್ಬಳ್ಳಿ_ರಾಕರ್

ಇಲ್ಲವಾ ತಂಗಿ. 2002ರಾಗ ಬ್ಯಾಂಡ್ ಬಿಟ್ರು, ಅವರ ಜಾಗಾಕ್ಕ ಡಾನ್ ಏರಿ ಬಂದ್ರು. 2012ರ ಜುಲೈ 16ಕ್ಕ ತೀರಿಕೊಂಡ್ರು. ಆ ದಿನ ನಾವು ನಾಕ್ ಮಂದಿ, ಈಗ ನಾಕ್ ಊರಾಗ ಅದೀವಿ, ಫೋನ್ ಮಾಡಿ ಒಬ್ಬರಿಗೊಬ್ಬರು ಭಾಳ ಮಾತಾಡಲಿಲ್ಲ. ಒಬ್ಬವ ಬರೇ ಆ ಹಾಡು ಹಚ್ಚಿ ಫೋನ್ ಸ್ಪೀಕರಿನ ಮುಂದ ಹಿಡದ. ನಿಮ್ಮ ಅಪ್ಪಾಜಿಗೆ ಅದನ್ನೂ ಕೇಳಸ್ರಿ.

ಡ್ರಮ್ಸ್_ಮಂಜ (ದಾವಣಗೆರೆ)

ಕ್ರೆಡಿಟ್ ವಿಷಯದಲ್ಲಿ ನನ್ನ ಮಾತು ಬದಲಾಯಿಸಲ್ಲ, ಲಾರ್ಡ್ ಪೇಸ್ ಇಬ್ರಿಗೂ ಅನ್ಯಾಯ ಆಗಿದೆ, ಡ್ರಮ್ಸ್ ಮೇಲಿನ ಎಕೋನೂ ಜಾಸ್ತಿನೇ. ಸರ್ ಹೇಳಿದ್ರು ಅಂತ ಹೆಡ್‌ಫೋನ್ ಹಾಕಿ 'ನೋಬಡೀಸ್ ಹೋಮ್' ಕೇಳೋಕೆ ಕೂತೆ. ಐದೂ ಜನರ ಹೆಸರಿರೋ ಒಂದೇ ಹಾಡು ಅಂತ ನಾನೇ ಬರೆದಿದ್ದೆ, ಆದ್ರೆ ಹಾಗೆ ಅಂದ್ಕೊಂಡು ಯಾವತ್ತೂ ಕೇಳಿರ್ಲಿಲ್ಲ. ಈಗ ಮೂರನೇ ಸಲ ಓಡ್ತಾ ಇದೆ.